ತಿಂಗಳ ಮೊದಲ ಸೋಮವಾರ

1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ನಡುಭಾಗದ ಕೆಟರಿಂಗ್ ಎಂಬ ಊರಿನಲ್ಲಿ, ಬೀಬಿ ವಾಲಿಸ್ ಎಂಬವರ ವಿಧವೆಯ ಮನೆಯ ಹಿಂಬದಿ ಕೋಣೆಯಲ್ಲಿ ಹನ್ನೆರಡು-ಹದಿನಾಲ್ಕು ಮಂದಿ ಬ್ಯಾಪ್ಟಿಸ್ಟರು ಕೂಡಿದ್ದರು. ಹೆಚ್ಚಿನವರು ಸಣ್ಣ ಊರುಗಳ ಪಾದ್ರಿಗಳು. ದೂರದೇಶಗಳಿಗೆ ಸುವಾರ್ತೆ ಒಯ್ಯಲು ಒಂದು ಸಂಘ ಕಟ್ಟಬೇಕೆಂದು ನಿಶ್ಚಯಿಸಿ, ತಮ್ಮಿಂದಾದಷ್ಟು ಕೊಡುತ್ತೇವೆಂದು ಒಬ್ಬೊಬ್ಬರೂ ಬರೆದುಕೊಟ್ಟರು. ಕೂಡಿಸಿದಾಗ ಆದದ್ದು 13 ಪೌಂಡ್, 2 ಶಿಲ್ಲಿಂಗ್, 6 ಪೆನ್ಸ್. ಅದೂ ಕೈಗೆ ಬಂದ ಹಣವಲ್ಲ, ಬರಬೇಕಾದ ಹಣ. ಇಷ್ಟರಿಂದ ಶುರುವಾದ ಕೆಲಸ ಎಂಟೇ ವರ್ಷಗಳಲ್ಲಿ ಹೂಗ್ಲಿ ನದಿಯ ದಂಡೆಯಲ್ಲಿ ಅಚ್ಚುಕೂಟವಾಗಿ ನಿಂತಿತು. ಲಂಡನ್, ಬಾಸ್ಟನ್, ಬಾಸೆಲ್ ನಗರಗಳಲ್ಲಿ ಇಂಥವೇ ಸಂಘಗಳು ಹುಟ್ಟಿಕೊಂಡವು. ಇದಕ್ಕೆಲ್ಲ ಸಂಪನ್ಮೂಲ ಎಲ್ಲಿಂದ ಬಂತು ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರಗಳು ಎರಡು: ಸಾಮ್ರಾಜ್ಯದ ಬಲ, ಶ್ರೀಮಂತರ ಥೈಲಿ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ದಾಖಲೆಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಮೂರನೆಯ ಉತ್ತರವೊಂದು ಕಾಣುತ್ತದೆ. ಪ್ರಾರ್ಥನೆ, ಸುದ್ದಿ, ಕಾಸು ಎಂಬ ಮೂರು ಎಳೆಗಳನ್ನು ಹೊಸೆದು ಮಾಡಿದ ಹಗ್ಗವೇ ಆ ಚಳವಳಿಯ ಮೂಲ ಬಂಡವಾಳ. ಈ ಮೂರರಲ್ಲಿ ಯಾವ ಎಳೆ ಸಡಿಲವಾದಾಗಲೂ ಕೆಲಸ ಕುಂಟಿತು. ಸುದ್ದಿಯ ಎಳೆಯಲ್ಲಿ ಸುಳ್ಳು ಬೆರೆತಾಗ ಕೆಲಸವೇ ಕಲುಷಿತವಾಯಿತು.

ಹೊಸೆಯುವ ಈ ವಿದ್ಯೆ ಕೆಟರಿಂಗಿನವರದೇ ಅಲ್ಲ. ಜರ್ಮನಿಯ ಸ್ಯಾಕ್ಸನಿಯಲ್ಲಿ, ಧರ್ಮದ ಕಾರಣಕ್ಕೆ ಮೊರಾವಿಯಾದಿಂದ ಓಡಿಬಂದ ಕುಟುಂಬಗಳು ಹೆರ್ನ್‌ಹೂಟ್ ಎಂಬ ಊರು ಕಟ್ಟಿಕೊಂಡಿದ್ದವು. 1727ರ ಆಗಸ್ಟ್‌ನಲ್ಲಿ ಅಲ್ಲಿ 24 ಗಂಡಸರು, 24 ಹೆಂಗಸರು ಸರದಿಯ ಮೇಲೆ ಗಂಟೆಗಂಟೆಗೂ ಪ್ರಾರ್ಥಿಸಲು ಒಪ್ಪಿಕೊಂಡರು. ಹಗಲಿರುಳು ಸಾಗಿದ ಆ ಸರಪಳಿ ನೂರು ವರ್ಷಕ್ಕೂ ಮೀರಿ ನಡೆಯಿತೆಂಬುದು ಪ್ರಸಿದ್ಧ. ಅಷ್ಟಾಗಿ ನೆನಪಿಗೆ ಬಾರದ ಸಂಗತಿ ಇನ್ನೊಂದಿದೆ: ಅದೇ ಊರಿನಲ್ಲಿ ತಿಂಗಳಿಗೊಮ್ಮೆ ಎಲ್ಲರೂ ಸೇರಿ ದೂರದಿಂದ ಬಂದ ಪತ್ರಗಳನ್ನು ಓದಿ ಕೇಳುತ್ತಿದ್ದರು. 1731ರಿಂದ ದಿನಕ್ಕೊಂದು ವಾಕ್ಯವಿರುವ ಚಿಕ್ಕ ಪುಸ್ತಕವನ್ನು ಅಚ್ಚು ಹಾಕಿಸಿ, ಎಲ್ಲಿಗೆ ಹೋದವರೂ ಒಂದೇ ದಿನ ಒಂದೇ ವಾಕ್ಯವನ್ನು ಧ್ಯಾನಿಸುವ ಏರ್ಪಾಡು ಮಾಡಿಕೊಂಡರು. 1732ರಲ್ಲಿ ಕುಂಬಾರ ಲಿಯೊನಾರ್ಡ್ ಡೋಬರ್, ಬಡಗಿ ಡೇವಿಡ್ ನಿಟ್ಷ್‌ಮನ್ ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ದ್ವೀಪದ ಗುಲಾಮರ ನಡುವೆ ಕೆಲಸ ಮಾಡಲು ಹೊರಟಾಗ ಅವರ ಕೈಯಲ್ಲಿದ್ದದ್ದು ದಾರಿಖರ್ಚು ಮತ್ತು ತಮ್ಮ ಕಸುಬು, ಅಷ್ಟೆ. ಆದರೆ ಬೆನ್ನ ಹಿಂದೆ ಅವರ ಹೆಸರು ಗೊತ್ತಿದ್ದ, ಅವರ ಪತ್ರಕ್ಕಾಗಿ ಕಾಯುತ್ತಿದ್ದ ಒಂದು ಇಡೀ ಊರಿತ್ತು. ಹೆರ್ನ್‌ಹೂಟ್‌ನಂಥ ನಿರಾಶ್ರಿತರ ಊರು ಪ್ರಪಂಚದ ಮೂಲೆಮೂಲೆಗೆ ಜನರನ್ನು ಕಳಿಸಿ ದಶಕಗಟ್ಟಲೆ ಸಲಹಿದ್ದಕ್ಕೆ ಈ ಪತ್ರ-ಪ್ರಾರ್ಥನೆಗಳ ಕೊಂಡಿಯನ್ನು ಬಿಟ್ಟು ಬೇರೆ ವಿವರಣೆ ಸಾಲದು.

ಇಂಗ್ಲೆಂಡಿಗೆ ಈ ಬೀಜ ಬಂದ ದಾರಿ ಇನ್ನೂ ಕುತೂಹಲದ್ದು. 1744ರಲ್ಲಿ ಸ್ಕಾಟ್ಲೆಂಡಿನ ಕೆಲವು ಪಾದ್ರಿಗಳು, ತಾವಿರುವ ಊರುಗಳಲ್ಲೇ ಇದ್ದುಕೊಂಡು ಗೊತ್ತಾದ ದಿನಗಳಲ್ಲಿ ಒಮ್ಮನದಿಂದ ಪ್ರಾರ್ಥಿಸುವ ಒಪ್ಪಂದ ಮಾಡಿಕೊಂಡರು. ಅದನ್ನು ಬೆಂಬಲಿಸಿ ಅಮೆರಿಕದ ಜೊನಾಥನ್ ಎಡ್ವರ್ಡ್ಸ್ ಒಂದು ಪುಸ್ತಕ ಬರೆದರು. ಸುಮಾರು ನಾಲ್ಕು ದಶಕ ಅದು ಕಪಾಟುಗಳಲ್ಲಿ ಧೂಳು ತಿಂದಿತು. 1784ರಲ್ಲಿ ಎಡಿನ್‌ಬರೋದ ಪಾದ್ರಿ ಜಾನ್ ಅರ್ಸ್‌ಕಿನ್ ಅದರ ಒಂದು ಪ್ರತಿಯನ್ನು ನಾರ್ಥ್ಯಾಂಪ್ಟನ್ನಿನ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ರೈಲಂಡ್‌ಗೆ ಕಳಿಸಿದರು. ಅದು ರೈಲಂಡ್‌ರ ಗೆಳೆಯರಾದ ಪಾದ್ರಿಗಳು ಆಂಡ್ರೂ ಫುಲ್ಲರ್, ಜಾನ್ ಸಟ್‌ಕ್ಲಿಫ್ ಅವರ ಕೈಗೂ ಹೋಯಿತು. ಆ ವರ್ಷ ಜೂನ್‌ನಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಸೇರಿದ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟದ ಮುಂದೆ ಸಟ್‌ಕ್ಲಿಫ್ ಇಟ್ಟ ಸೂಚನೆ ಸರಳವಾಗಿತ್ತು: ಪ್ರತಿ ತಿಂಗಳ ಮೊದಲ ಸೋಮವಾರ ಸಂಜೆ ಒಂದು ಗಂಟೆಯ ಕಾಲ ಎಲ್ಲ ಸಭೆಗಳೂ ಪ್ರಾರ್ಥನೆಗೆ ಕೂಡಬೇಕು, ತಮ್ಮ ಸಭೆಗಷ್ಟೇ, ತಮ್ಮ ಪಂಗಡಕ್ಕಷ್ಟೇ ಬೇಡದೆ ಭೂಮಿಯ ತುತ್ತತುದಿಯವರೆಗೂ ಬೇಡಬೇಕು. ಈ ಸೂಚನೆಯ ಬೆಲೆ ತಿಳಿಯಬೇಕಾದರೆ ಆ ಸಭೆಗಳ ಸ್ಥಿತಿ ನೋಡಬೇಕು. ಅವು ರಾಜ್ಯದ ಮಾನ್ಯತೆ ಪಡೆದ ಚರ್ಚಿನ ಹೊರಗಿದ್ದವು. ಅವುಗಳ ಜನಕ್ಕೆ ಸರ್ಕಾರಿ ಹುದ್ದೆಗಳ, ವಿಶ್ವವಿದ್ಯಾಲಯದ ಪದವಿಗಳ ಬಾಗಿಲು ಮುಚ್ಚಿತ್ತು. ತಮ್ಮ ಊರಿನಲ್ಲೇ ಅಂಚಿಗೆ ಸರಿದಿದ್ದ ಆ ಜನ ಜಗತ್ತಿನ ಹೊಣೆ ಹೊತ್ತುಕೊಳ್ಳುವ ಅಭ್ಯಾಸವನ್ನು ತಿಂಗಳಿಗೊಮ್ಮೆ, ಎಂಟು ವರ್ಷ, ಯಾವ ಫಲವೂ ಕಣ್ಣಿಗೆ ಬೀಳದೆ ನಡೆಸಿಕೊಂಡು ಬಂದರು. ಕೆಟರಿಂಗಿನ ಕೋಣೆಯಲ್ಲಿ ಕಾಣಿಸಿದ್ದು ಈ ಎಂಟು ವರ್ಷದ ಬೆಳೆ.

ಪ್ರಾರ್ಥನೆಯ ಜತೆಗೆ ಸುದ್ದಿಯನ್ನು ಹೊಸೆದವನು ವಿಲಿಯಂ ಕೇರಿ. 1761ರಲ್ಲಿ ಹುಟ್ಟಿದ, ಬೂಟು ಹೊಲಿಯುವ ಕಸುಬು ಕಲಿತ, ಹಳ್ಳಿಶಾಲೆಯಲ್ಲಿ ಪಾಠ ಹೇಳುತ್ತಿದ್ದ ಈತ ಕ್ಯಾಪ್ಟನ್ ಕುಕ್‌ನ ಸಮುದ್ರಯಾನದ ವೃತ್ತಾಂತಗಳನ್ನು ಓದಿ ಮನಸೋತಿದ್ದ. ಅವನ ಕೆಲಸದ ಕೋಣೆಯ ಗೋಡೆಯ ಮೇಲೆ ಹಲವು ಕಾಗದದ ಹಾಳೆಗಳನ್ನು ಅಂಟಿಸಿ ತಾನೇ ಬರೆದ ದೊಡ್ಡ ಭೂಪಟವೊಂದಿತ್ತು. ಯಾವ ನಾಡಿನಲ್ಲಿ ಎಷ್ಟು ಜನ, ಯಾವ ಧರ್ಮ ಎಂದು ಓದಿದ್ದನ್ನೆಲ್ಲ ಆಯಾ ಜಾಗದಲ್ಲಿ ಬರೆದಿಟ್ಟಿದ್ದನೆಂದು ಫುಲ್ಲರ್ ದಾಖಲಿಸಿದ್ದಾರೆ. 1792ರ ಮೇ ತಿಂಗಳಲ್ಲಿ ಲೆಸ್ಟರ್‌ನಲ್ಲಿ ಅಚ್ಚಾದ ಅವನ 87 ಪುಟಗಳ ಹೊತ್ತಗೆ ಆ ಗೋಡೆಯ ಭೂಪಟವೇ ಪುಸ್ತಕವಾದಂತಿದೆ. ಅದರ ಸುಮಾರು ಕಾಲುಭಾಗ ಬರೀ ಕೋಷ್ಟಕಗಳು: ದೇಶ, ಉದ್ದ ಎಷ್ಟು ಮೈಲಿ, ಅಗಲ ಎಷ್ಟು ಮೈಲಿ, ಜನ ಎಷ್ಟು, ಧರ್ಮ ಯಾವುದು. ಭೂಮಿಯ ಮೇಲೆ 73.1 ಕೋಟಿ ಜನರಿದ್ದಾರೆಂದು ಲೆಕ್ಕ ಹಾಕಿ, ಅವರನ್ನು ಧರ್ಮಗಳಿಗೆ ಹಂಚಿ, ಮೊತ್ತ ಸರಿಹೊಂದಿಸಿದ್ದ. ಅಂಕಿಗಳಲ್ಲಿ ಬಹುಪಾಲು ಅಂದಾಜಿನವು. ಆದರೂ ಆ ಕೋಷ್ಟಕಗಳು ಮಾಡಿದ ಕೆಲಸ ದೊಡ್ಡದು. ಅಲ್ಲಿಯವರೆಗೆ ಭೂಮಿಯ ತುತ್ತತುದಿ ಎಂಬುದು ಪ್ರಾರ್ಥನೆಯಲ್ಲಿ ಬರುವ ಒಂದು ಮಾತಾಗಿತ್ತು. ಈಗ ಅದಕ್ಕೆ ಹೆಸರು ಬಂತು, ಅಳತೆ ಬಂತು, ಅಲ್ಲಿ ವಾಸಿಸುವ ಜನ ಬಂದರು. ಹೆಸರಿಲ್ಲದವರಿಗಾಗಿ ಬೇಡುವುದು ಬೇಗ ಬೇಸರ ತರುತ್ತದೆ. ಹೆಸರು ತಿಳಿದ ಮೇಲೆ ಸುಮ್ಮನಿರುವುದೇ ಕಷ್ಟ.

ಮೂರನೆಯ ಎಳೆಯಾದ ಕಾಸಿನ ಮಾತು ಆ ಹೊತ್ತಗೆಯ ಕೊನೆಯ ಅಧ್ಯಾಯದಲ್ಲಿ ಬರುತ್ತದೆ, ಮತ್ತು ಅದು ಬರುವ ಕ್ರಮವೇ ಅರ್ಥಪೂರ್ಣ. ಮೊದಲು ಪ್ರಾರ್ಥನೆ, ಆಮೇಲೆ ಯೋಜನೆ, ಕೊನೆಗೆ ಹಣ. ಉಳ್ಳವರು ಹೆಚ್ಚು ಕೊಡಲಿ ಎಂದು ಹೇಳಿದ ಕೇರಿ, ಸಭೆಗಳಲ್ಲಿ ವಾರಕ್ಕೆ ತಲಾ ಒಂದು ಪೆನ್ನಿಯಂತೆ ಕೂಡಿಸಿದರೂ ಸಾಕಷ್ಟಾಗುತ್ತದೆಂದು ಲೆಕ್ಕ ತೋರಿಸಿದ. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಯ ಲೆಕ್ಕವೇ ಇದು. ಅದೇ ಜಾಗದಲ್ಲಿ ಇನ್ನೊಂದು ಸಂಗತಿಯನ್ನೂ ನೆನಪಿಸುತ್ತಾನೆ. ಗುಲಾಮರ ಬೆವರಿನಿಂದ ಬರುವ ವೆಸ್ಟ್ ಇಂಡೀಸ್ ಸಕ್ಕರೆಯನ್ನು ಆಗ ಬ್ರಿಟನ್ನಿನ ಅನೇಕ ಮನೆಗಳು ಬಿಟ್ಟಿದ್ದವು. ಹಾಗೆ ಬಿಟ್ಟ ಕುಟುಂಬಗಳಿಗೆ ವಾರಕ್ಕೆ 6 ಪೆನ್ಸಿನಿಂದ 1 ಶಿಲ್ಲಿಂಗ್‌ವರೆಗೆ ಉಳಿಯುತ್ತಿದೆ. ಆ ಉಳಿತಾಯ ಈ ಕೆಲಸಕ್ಕೆ ಬರಲಿ ಎಂದ. ಅಡುಗೆಮನೆಯ ಸಕ್ಕರೆ ಡಬ್ಬಿಯಿಂದ ಜಗತ್ತಿನ ನ್ಯಾಯದವರೆಗೆ ಒಂದೇ ಗೆರೆ ಎಳೆದ ಈ ಸಲಹೆಯಲ್ಲಿ ಕಾಣಿಕೆಯ ನಿಜವಾದ ಅರ್ಥವಿದೆ. ವಾರವಾರವೂ ಕೊಡುವವನು ವಾರವಾರವೂ ನೆನೆಯುತ್ತಾನೆ. ಒಮ್ಮೆಲೇ ದೊಡ್ಡ ಮೊತ್ತ ಕೊಟ್ಟವನು ಮರುದಿನ ಮರೆಯಬಹುದು; ಪೆನ್ನಿ ಕೊಡುವವನಿಗೆ ಮರೆಯಲು ಪುರುಸೊತ್ತಿಲ್ಲ.

ಸಾಮ್ರಾಜ್ಯದ ತೋಳಬಲವಿಲ್ಲದೆ ಇದೆಲ್ಲ ಆಗುತ್ತಿತ್ತೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಮತ್ತು ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಯುರೋಪಿನ ಹಡಗುಗಳು, ಬಂದರುಗಳು, ಗೆದ್ದ ನಾಡುಗಳು ಇರದಿದ್ದರೆ ಮಿಷನರಿಗಳ ದಾರಿ ಬೇರೆಯೇ ಆಗಿರುತ್ತಿತ್ತು. ಆದರೆ ಆರಂಭದ ದಶಕಗಳಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರಿಗೆ ತಡೆಗೋಡೆಯಾಗಿತ್ತು. ವ್ಯಾಪಾರ ಕೆಡುತ್ತದೆಂಬ ಭಯದಿಂದ ಅದು ಮಿಷನರಿಗಳಿಗೆ ಪರವಾನಗಿ ಕೊಡುತ್ತಿರಲಿಲ್ಲ. 1793ರಲ್ಲಿ ಕೇರಿಯನ್ನು ಬ್ರಿಟಿಷ್ ಹಡಗಿನಿಂದ ಇಳಿಸಲಾಯಿತು. ಅವನು ಬಂಗಾಳ ತಲುಪಿದ್ದು ಡ್ಯಾನಿಶ್ ಹಡಗಿನಲ್ಲಿ. 1800ರಲ್ಲಿ ಜತೆ ಮಿಷನರಿಗಳಾದ ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಅವರೊಡನೆ ನೆಲೆಯೂರಿದ್ದೂ ಕಲ್ಕತ್ತದಲ್ಲಲ್ಲ, ಡೆನ್ಮಾರ್ಕಿನ ವಶದಲ್ಲಿದ್ದ ಶ್ರೀರಾಂಪುರದಲ್ಲಿ. 1813ರಲ್ಲಿ ಬ್ರಿಟಿಷ್ ಸಂಸತ್ತು ಕಂಪನಿಯ ಸನದನ್ನು ನವೀಕರಿಸುವಾಗ ಬಾಗಿಲು ತೆರೆದದ್ದಕ್ಕೆ, ಪೆನ್ನಿ ಕೊಟ್ಟು ಪತ್ರ ಓದುತ್ತಿದ್ದ ಅದೇ ಸಾಮಾನ್ಯ ಜನರ ನೂರಾರು ಅರ್ಜಿಗಳೂ ಒಂದು ಕಾರಣ. ಸಾಮ್ರಾಜ್ಯ ದಾರಿಯನ್ನು ಕೊಟ್ಟಿತು, ಆಗಾಗ ಆ ದಾರಿಯನ್ನೇ ಮುಚ್ಚಿತು ಎನ್ನಬಹುದು. ನಡೆಯುವ ಕಾಲುಗಳಿಗೆ ಶಕ್ತಿ ಬಂದದ್ದು ಬೇರೆಡೆಯಿಂದ.

ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತವಾದದ್ದು. ಶ್ರೀರಾಂಪುರ ನಡೆದದ್ದು ಇಂಗ್ಲೆಂಡಿನ ಪೆನ್ನಿಗಳಿಂದಲ್ಲ, ಅಲ್ಲಿನವರ ಸ್ವಂತ ದುಡಿಮೆಯಿಂದ ಎಂದು ಯಾರಾದರೂ ಹೇಳಿದರೆ ಲೆಕ್ಕಪುಸ್ತಕ ಅವರ ಕಡೆಗಿದೆ. ಕೇರಿ ಮೊದಲು ನೀಲಿ ಕಾರ್ಖಾನೆ ನೋಡಿಕೊಂಡ, 1801ರಿಂದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಕಲಿಸಿದ. ಮಾರ್ಷ್‌ಮನ್ ದಂಪತಿ ಶಾಲೆ ನಡೆಸಿದರು. ವಾರ್ಡ್ ಅಚ್ಚುಕೂಟ ನೋಡಿಕೊಂಡ. ಗಳಿಕೆಯ ಬಹುಪಾಲನ್ನು ಎಲ್ಲರೂ ಮಿಷನ್ನಿಗೇ ಸುರಿದರು. ಆದರೆ ಎರಡು ಘಟನೆಗಳು ಸ್ವಂತ ಗಳಿಕೆಯ ಮಿತಿಯನ್ನು ತೋರಿಸುತ್ತವೆ. 1812ರ ಮಾರ್ಚ್ 11ರ ಸಂಜೆ ಅಚ್ಚುಕೂಟಕ್ಕೆ ಬೆಂಕಿ ಬಿತ್ತು; ಕಾಗದ, ಹಸ್ತಪ್ರತಿಗಳು, ಹಲವು ಲಿಪಿಗಳ ಅಚ್ಚುಮೊಳೆಗಳು ನಾಶವಾದವು. ಸುದ್ದಿ ಬ್ರಿಟನ್ ಮುಟ್ಟಿದ ಕೆಲವೇ ವಾರಗಳಲ್ಲಿ ನಷ್ಟ ತುಂಬುವಷ್ಟು ಹಣ ಹರಿದುಬಂತು, ಏಕೆಂದರೆ ಸುಟ್ಟದ್ದೇನೆಂದು ಅಲ್ಲಿನವರಿಗೆ ಮೊದಲೇ ಗೊತ್ತಿತ್ತು. ಆ ಮೊಳೆಗಳ, ಆ ಭಾಷಾಂತರಗಳ ಸಮಾಚಾರವನ್ನು ಹಲವು ವರ್ಷಗಳಿಂದ ಓದುತ್ತ ಬಂದಿದ್ದರು. ಆ ಚೇತರಿಕೆಯ ಬಳಿಕ, 1817ರಲ್ಲಿ, ಅದೇ ಊರಿನಲ್ಲಿ ಕೇರಿ ಬರೆದ ಕನ್ನಡ ವ್ಯಾಕರಣ ಅಚ್ಚಾಯಿತು. ಕನ್ನಡ ಅಕ್ಷರಗಳು ಮುದ್ರಣ ಕಂಡ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಎರಡನೆಯ ಘಟನೆ ನೋವಿನದು. ಇಂಗ್ಲೆಂಡಿನಲ್ಲಿದ್ದ ಹಳೆಯ ಗೆಳೆಯರೆಲ್ಲ ಕಾಲವಾದ ಮೇಲೆ ಆಸ್ತಿಯ, ಅಧಿಕಾರದ ವಿಷಯದಲ್ಲಿ ಮನಸ್ತಾಪ ಬೆಳೆದು 1827ರಲ್ಲಿ ಶ್ರೀರಾಂಪುರವೂ ಇಂಗ್ಲೆಂಡಿನ ಸಂಘವೂ ಬೇರೆಯಾದವು. ಹಣ ಎರಡೂ ಕಡೆ ಇತ್ತು. ಒಬ್ಬರನ್ನೊಬ್ಬರು ಬಲ್ಲವರ ನಡುವಿನ ಪತ್ರ, ಪ್ರಾರ್ಥನೆಗಳ ನಂಟು ಸವೆದಿತ್ತು. ಮತ್ತೆ ಕೂಡಲು ಹತ್ತು ವರ್ಷ ಬೇಕಾಯಿತು.

ಪ್ರಾರ್ಥನೆ, ಸುದ್ದಿ, ಕಾಸುಗಳ ಇದೇ ಏರ್ಪಾಡನ್ನು ಸಣ್ಣ ನಾಣ್ಯದ ಮಟ್ಟಕ್ಕೆ ಇಳಿಸಿ ಪಳಗಿಸಿದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು. 1815ರಲ್ಲಿ ಹುಟ್ಟಿದ ಈ ಸಂಘದ ಆಡಳಿತದಲ್ಲಿ ರೇಷ್ಮೆ ರಿಬ್ಬನ್ ಉದ್ಯಮಿಗಳಂಥ ಶ್ರೀಮಂತ ಮನೆತನದವರಿದ್ದದ್ದು ನಿಜ. ಆದರೆ ಅವರಲ್ಲೇ ಒಬ್ಬರಾದ ಕಾರ್ಲ್ ಸರಾಸಿನ್ 1850ರ ದಶಕದ ನಡುವೆ ಅರ್ಧ ಬಾಟ್ಸೆನ್ ಕಾಣಿಕೆಯ ಪದ್ಧತಿಯನ್ನು ರೂಪಿಸಿದರು. ಅರ್ಧ ಬಾಟ್ಸೆನ್ ಎಂದರೆ 5 ರಾಪೆನ್, ಸಾಮಾನ್ಯ ಕೂಲಿಯವನಿಗೂ ಎಟಕುವ ನಾಣ್ಯ. ಹತ್ತು ಮಂದಿಗೊಬ್ಬ ಸಂಗ್ರಹಕಾರ. ವಾರವಾರವೂ ಮನೆಬಾಗಿಲಿಗೆ ಹೋಗಿ ನಾಣ್ಯ ಪಡೆದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಮಿಷನ್ನಿನ ಸುದ್ದಿಯ ಹಾಳೆಯನ್ನೂ ತಲುಪಿಸುತ್ತಿದ್ದ. ಒಂದೇ ಬಾಗಿಲಲ್ಲಿ ನಾಣ್ಯ ಹೊರಗೆ, ಸುದ್ದಿ ಒಳಗೆ. ಮಂಗಳೂರೆಲ್ಲಿದೆ ಎಂದು ಶಾಲೆಯಲ್ಲಿ ಕಲಿಯದ ರೈತ ಕುಟುಂಬಗಳು ಮಂಗಳೂರು, ಧಾರವಾಡ, ಹುಬ್ಬಳ್ಳಿಗಳ ಹೆಸರನ್ನು ಊಟದ ಮೇಜಿನ ಪ್ರಾರ್ಥನೆಯಲ್ಲಿ ಕಲಿತವು. ಮಿಷನ್ನಿನ ಸ್ಯಾಮುಯೆಲ್ ಹೆಬಿಕ್ ಮತ್ತು ಇಬ್ಬರು ಜತೆಗಾರರು 1834ರ ಅಕ್ಟೋಬರ್‌ನಲ್ಲೇ ಮಂಗಳೂರು ತಲುಪಿದ್ದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದರು. ಕನ್ನಡದ ಮೊದಲ ಪತ್ರಿಕೆ ಒಬ್ಬ ಮಿಷನರಿಯ ಕೈಯಿಂದ ಬಂದದ್ದು ಕಾಕತಾಳೀಯವಲ್ಲ. ದೂರದ ಸುದ್ದಿ ಓದುವುದನ್ನೇ ಭಕ್ತಿಯ ಭಾಗವಾಗಿ ಮಾಡಿಕೊಂಡ ಪರಂಪರೆಯಿಂದ ಬಂದವರು ಅವರು. ಮಂಗಳೂರಿನ ಸುದ್ದಿಯನ್ನು ಬಾಸೆಲ್ಲಿಗೆ ಕಳಿಸುತ್ತಿದ್ದ ಕೈಯೇ ಈಗ ಜಗತ್ತಿನ ಸುದ್ದಿಯನ್ನು ಮಂಗಳೂರಿಗೆ ತಂದಿತು.

ಹಾಗೆಂದು ಆ ಸುದ್ದಿಯ ಹಾಳೆಗಳು ನಿರ್ದೋಷಿಗಳೆಂದಲ್ಲ. ಇದೇ ನನ್ನ ವಾದಕ್ಕೆ ಎದುರಾಗುವ ಅತಿ ಗಂಭೀರ ಆಕ್ಷೇಪ. ಕಾಣಿಕೆ ಬರಬೇಕಾದರೆ ಓದುಗನ ಮನ ಕರಗಬೇಕು. ಮನ ಕರಗಿಸಲು ದೂರದ ನಾಡನ್ನು ಕತ್ತಲೆಯ ನಾಡೆಂದು ಬಣ್ಣಿಸುವ ಚಾಳಿ ಬೆಳೆಯಿತು. ಕೇರಿಯ ಕೋಷ್ಟಕದಲ್ಲೇ ಆ ಬೀಜವಿತ್ತು: 42 ಕೋಟಿ ಜನರ ನಂಬಿಕೆ, ಕಾವ್ಯ, ದರ್ಶನಗಳೆಲ್ಲ ಅಜ್ಞಾನವೆಂಬ ಒಂದೇ ಮಾತಿನೊಳಗೆ ಸೇರಿಹೋಗಿದ್ದವು. ಲೆಕ್ಕದಲ್ಲಿ ಬಾರದ ವೆಚ್ಚಗಳೂ ಇದ್ದವು. ಮನಸ್ಸಿಲ್ಲದೆ ಬಂಗಾಳಕ್ಕೆ ಹೊರಟ ಕೇರಿಯ ಹೆಂಡತಿ ಡೊರೊತಿ, ಮಗನನ್ನು ಕಳೆದುಕೊಂಡು, ಮನಸ್ಸಿನ ಸ್ಥಿಮಿತ ತಪ್ಪಿ, 1807ರಲ್ಲಿ ತೀರಿಕೊಂಡರು. ಆ ನೋವಿಗೆ ಯಾವ ಸಂಘದ ಜಮಾಖರ್ಚಿನಲ್ಲೂ ಅಂಕಣವಿರಲಿಲ್ಲ. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಹತ್ತಿರ ಬಂದು ತಿಳಿಯುವ ಶ್ರಮ ಪಟ್ಟಲ್ಲೆಲ್ಲ ಆ ಕೋಷ್ಟಕ ಒಡೆಯಿತು. ಮೋಗ್ಲಿಂಗ್ ಬಸವಪುರಾಣ, ದಾಸರ ಪದಗಳು, ಜೈಮಿನಿ ಭಾರತಗಳನ್ನು ಅಚ್ಚು ಹಾಕಿಸಲು ತೊಡಗಿದರು. ಫರ್ಡಿನೆಂಡ್ ಕಿಟೆಲ್ ಕನ್ನಡ ಪಂಡಿತರ ಜತೆ ದಶಕಗಟ್ಟಲೆ ಕುಳಿತು 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಮುಗಿಸಿದರು. ಬಾಸೆಲ್ಲಿನಿಂದ ನೋಡಿದವರಿಗೆ ಮತಪ್ರಚಾರಕ್ಕೆ ಇಷ್ಟೆಲ್ಲ ಏಕೆ ಎನಿಸಿದ್ದರೆ ಅಚ್ಚರಿಯಿಲ್ಲ. ಆದರೆ ಒಂದು ಜನರಿಗಾಗಿ ನಿಜವಾಗಿ ಪ್ರಾರ್ಥಿಸಬೇಕೆಂದರೆ ಅವರ ಮಾತು, ಗಾದೆ, ಹಾಡು ತಿಳಿದಿರಬೇಕೆಂಬ ತತ್ವವನ್ನು ಅದರ ಕೊನೆಯವರೆಗೆ ಒಯ್ದರೆ ಸಿಗುವುದು ಇಂಥ ನಿಘಂಟೇ. ಅರೆಬರೆ ಸುದ್ದಿಯಿಂದ ಬಂದ ಕೇಡಿಗೆ ಮದ್ದು ಪೂರ್ಣ ತಿಳಿವು.

ಮದ್ದು ಪೂರ್ತಿಯಾಗಿ ಹತ್ತಿದ್ದು ಪ್ರಾರ್ಥನೆಯ ದಿಕ್ಕು ತಿರುಗಿದಾಗ. 1858ರಲ್ಲಿ ಪಂಜಾಬಿನ ಲುಧಿಯಾನದಲ್ಲಿದ್ದ ಅಮೆರಿಕನ್ ಪ್ರೆಸ್ಬಿಟೇರಿಯನರು 1860ರ ಜನವರಿಯ ಒಂದು ವಾರ ಲೋಕದ ಎಲ್ಲ ಸಭೆಗಳೂ ಪ್ರಾರ್ಥಿಸಲಿ ಎಂದು ಕರೆಕೊಟ್ಟರು. ಪಶ್ಚಿಮದ ಸಭೆಗಳು ವರ್ಷಾರಂಭದ ಆ ವಾರವನ್ನು ರೂಢಿಯಾಗಿಸಿಕೊಂಡವು. ಕರೆ ಕೊಟ್ಟವರು ವಿದೇಶಿಯರಾದರೂ ಕರೆ ಹೊರಟದ್ದು ಭಾರತದ ನೆಲದಿಂದ. 1905ರ ಕ್ರಿಸ್ಮಸ್ ದಿನ ಕೇರಿಯ ಶ್ರೀರಾಂಪುರದಲ್ಲೇ ಕೂಡಿದ ಭಾರತೀಯ ಕ್ರೈಸ್ತರು ರಾಷ್ಟ್ರೀಯ ಮಿಷನರಿ ಸಂಘವನ್ನು ಸ್ಥಾಪಿಸಿದರು: ಜನ ಭಾರತದವರು, ಹಣ ಭಾರತದ್ದು, ಆಡಳಿತ ಭಾರತದ್ದು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಿ.ಎಸ್. ಅಜರಯ್ಯ 1910ರ ಜೂನ್‌ನಲ್ಲಿ ಎಡಿನ್‌ಬರೋದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ಮಾತಾಡಿದರು. ಅಲ್ಲಿ ಸೇರಿದ್ದ ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಬೆರಳೆಣಿಕೆಯವರು. ಅಂಕಿಅಂಶಗಳ ದೊಡ್ಡ ಭೂಪಟ ಸಂಪುಟವೊಂದು ಆ ಸಮ್ಮೇಳನಕ್ಕಾಗಿಯೇ ಸಿದ್ಧವಾಗಿತ್ತು. ಕೇರಿಯ ಗೋಡೆಯ ಹಾಳೆಗಳು ಅಲ್ಲಿಯವರೆಗೆ ಬೆಳೆದಿದ್ದವು. ಅಜರಯ್ಯನವರು ಆ ಭೂಪಟದಲ್ಲಿಲ್ಲದ್ದನ್ನು ಕೇಳಿದರು. ನೀವು ತ್ಯಾಗ ಮಾಡಿದ್ದೀರಿ, ಹಣ ಕೊಟ್ಟಿದ್ದೀರಿ. ನಮಗೆ ಬೇಕಾದದ್ದು ಸ್ನೇಹ ಎಂಬುದು ಅವರ ಮಾತಿನ ತಿರುಳು. ಮಾಹಿತಿಯೂ ಹಣವೂ ತುಂಬಿದ್ದ ಸಭಾಂಗಣದಲ್ಲಿ, ಸಮಾನರ ನಡುವಿನ ನಂಟು ಇಲ್ಲದೆ ಇವೆರಡೂ ಸಾಲವೆಂದು ಹೇಳಲು ಹಣ ಪಡೆಯುವ ಕಡೆಯವರೇ ಬರಬೇಕಾಯಿತು.

ನಾಲ್ಕು ವರ್ಷದ ಬಳಿಕ ಬಂದ ಮಹಾಯುದ್ಧ ಈ ಮಾತನ್ನು ಪರೀಕ್ಷೆಗೆ ಒಡ್ಡಿತು. ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ದೇಶದಿಂದ ಹೊರಗೆ ಕಳಿಸಿತು. ಮಿಷನ್ ನಡೆಸುತ್ತಿದ್ದ ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಮಿಷನ್ನಿನ ಬಲ ಸಾಮ್ರಾಜ್ಯವೇ ಆಗಿದ್ದರೆ, ಅಥವಾ ಬಾಸೆಲ್ಲಿನ ಹಣವೇ ಆಗಿದ್ದರೆ, ಕರಾವಳಿಯ ಸಭೆಗಳು ಅಂದೇ ಮುಚ್ಚಬೇಕಿತ್ತು. ಅವು ಮುಚ್ಚಲಿಲ್ಲ. ಕನ್ನಡದಲ್ಲಿ ಹಾಡುವ, ಪ್ರಾರ್ಥಿಸುವ, ತಮ್ಮ ಕೈಲಾದ ಕಾಣಿಕೆ ಹಾಕುವ ಜನ ಅಲ್ಲಿದ್ದರು. 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾಗುವಷ್ಟು ಗಟ್ಟಿಯಾಗಿ ಅವರು ನಿಂತರು.

ಎಡಿನ್‌ಬರೋ ಸಮ್ಮೇಳನ ನಡೆದ 1910ರಲ್ಲೇ, ಅಲ್ಲಿ ಯಾರ ಗಮನಕ್ಕೂ ಬಾರದಂತೆ, ಮಿಜೋ ಗುಡ್ಡಗಳಲ್ಲಿ ಇನ್ನೊಂದು ಏರ್ಪಾಡು ಶುರುವಾಗಿತ್ತು. ಅಲ್ಲಿನ ಕ್ರೈಸ್ತ ಹೆಂಗಸರ ಕೈಯಲ್ಲಿ ಕೊಡಲು ನಾಣ್ಯವಿರಲಿಲ್ಲ, ಅಕ್ಕಿಯಿತ್ತು. ಅಡುಗೆಗೆ ಅಕ್ಕಿ ಅಳೆದುಕೊಂಡಾಗಲೆಲ್ಲ ಅದರಿಂದ ಒಂದು ಹಿಡಿ ತೆಗೆದು ಬೇರೆ ಪಾತ್ರೆಯಲ್ಲಿಡುವುದು. ಅದನ್ನು ಮನೆಮನೆಯಿಂದ ಕೂಡಿಸಿ, ಮಾರಿ, ಬಂದ ಹಣವನ್ನು ಸಭೆಯ ಕೆಲಸಕ್ಕೆ ಕೊಡುವುದು. ಬುಹ್‌ಫಾಯ್ ಥಮ್ ಎಂದು ಅದಕ್ಕೆ ಹೆಸರು. ಆ ಪದ್ಧತಿ ಇಂದಿಗೂ ನಡೆದಿದೆ; ಮಿಜೋರಾಂ ಇಂದು ನೂರಾರು ಮಿಷನರಿಗಳನ್ನು ಹೊರಗೆ ಕಳಿಸುತ್ತದೆ. ಮಠಕ್ಕೆ, ದಾಸೋಹಕ್ಕೆ ಹಿಡಿ ಅಕ್ಕಿ ಎತ್ತಿಡುವ ಕನ್ನಡ ಮನೆಗಳಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಜಗತ್ತಿನ ದೇಶಗಳನ್ನು ವರ್ಷದ ದಿನಗಳಿಗೆ ಹಂಚಿ, ಅಲ್ಲಿನ ಜನ, ಭಾಷೆ, ಸಂಕಟಗಳನ್ನು ತಿಳಿಸುವ ಪ್ರಾರ್ಥನಾ ಕೈಪಿಡಿಗಳು ಇಂದು ಬಂದಿವೆ. ಪ್ಯಾಟ್ರಿಕ್ ಜಾನ್‌ಸ್ಟೋನ್ 1960ರ ದಶಕದಲ್ಲಿ ಆಫ್ರಿಕಾದಲ್ಲಿ ಆರಂಭಿಸಿದ ‘ಆಪರೇಷನ್ ವರ್ಲ್ಡ್’ ಅವುಗಳಲ್ಲಿ ಹೆಸರಾದದ್ದು. ಸಾಮಗ್ರಿ ಹೇರಳವಾಗಿರುವ ಈ ಕಾಲದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹಳೆಯವೇ. ಈ ಸುದ್ದಿ ಸತ್ಯವೇ? ಯಾರಿಗಾಗಿ ಬೇಡುತ್ತೇವೋ ಅವರು ಇದನ್ನು ಓದಿದರೆ ತಮ್ಮನ್ನು ಗುರುತಿಸಿಕೊಂಡಾರೇ? ಈ ಕಾಣಿಕೆ ನನ್ನ ಅಡುಗೆಮನೆಯನ್ನು ಮುಟ್ಟಿದೆಯೇ? ಕೇರಿ 1792ರಲ್ಲಿ ಇಂಗ್ಲೆಂಡಿನ ಮನೆಗಳಿಗೆ ಸಕ್ಕರೆಯ ಉಳಿತಾಯವನ್ನು ಕೇಳಿದ. ಅವನ ಕೋಷ್ಟಕದಲ್ಲಿ ಹೆಸರೂ ಕಾಣದ ಗುಡ್ಡಗಾಡಿನ ಹೆಂಗಸರು, ಯಾರ ಕೋಷ್ಟಕಕ್ಕೂ ಕಾಯದೆ, ಒಲೆಯ ಪಕ್ಕದಲ್ಲಿ ಹಿಡಿ ಅಕ್ಕಿಯ ಪಾತ್ರೆ ಇಟ್ಟುಕೊಂಡರು.